ಎಡೆದೊರೆನಾಡಿನ ಬಡಮನೆಯ ಧಾನ್ಯಸಂಗ್ರಹ

ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಗೃಹಸ್ಥ ಬ್ರಾಹ್ಮಣರನ್ನು ಅವರ ಮನೆಯಲ್ಲಿರುವ ಕಾಳಿನ ಮೇಲಿಂದ ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಕಣಜದ ತುಂಬ ಧಾನ್ಯವುಳ್ಳವನು ಕುಸೂಲಧಾನ್ಯಕನು. ಗಡಿಗೆಯಷ್ಟು ಉಳ್ಳವನು ಕುಂಭೀಧಾನ್ಯಕನು. ಮೂರು ದಿನಕ್ಕೆ ಸಾಲುವಷ್ಟು ಉಳ್ಳವನು ತ್ರ್ಯಹೈಹಿಕನು. ನಾಳೆಗೆ ಏನೂ ಇಲ್ಲದವನು ಅಶ್ವಸ್ತನಿಕನು. ಇವರಲ್ಲಿ ಕೊನೆಯವನೇ ಶ್ರೇಷ್ಠನೆಂದು ಅಲ್ಲಿ ಹೇಳಿದೆ. ಆದರೆ ಆ ಶ್ರೇಷ್ಠತೆಯು ತಾನಾಗಿ ಬಿಟ್ಟವನಿಗೆ ಸಲ್ಲತಕ್ಕದ್ದು. ಬಿಡುವುದಕ್ಕೂ ಏನೂ ಇಲ್ಲದೆ ಅಶ್ವಸ್ತನಿಕರಾದವರ ಚರಿತ್ರೆಯನ್ನು ತಿಳಿಯಬೇಕಾದರೆ ಕೃಷ್ಣಾ ತುಂಗಭದ್ರೆಗಳ ನಡುವಣ ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ಕಡೆಗೆ ನೋಡಬೇಕು.

ಈ ನಡುನಾಡಿಗೆ ಶಾಸನಗಳಲ್ಲಿ ಎಡೆದೊರೆಯೆಂಬ ಹೆಸರುಂಟು. ೧೯೧೫ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನವು ದೊರೆತುದು ವಾಚಕರಿಗೆ ವಿದಿತವೇ ಆಗಿದೆ. ಅರಸನ ಹೆಸರು ಕಲ್ಲಿನಲ್ಲಿ ಉಳಿಯಿತು. ಒಕ್ಕಲಗಿತ್ತಿಯ ಗಡಿಗೆಯ ಲೆಕ್ಕವು ವಾಡಿಕೆಯಲ್ಲಿ ಮಾತ್ರ ಉಳಿಯಿತು.

ಹಿಂಗಾರಿ ಜೋಳವು ಮಾಘ ಫಾಲ್ಗುಣಗಳಲ್ಲಿ ಕಣಕ್ಕೆ ಬಂದೊಡನೆ ಉಳ್ಳವರು ಅದನ್ನು ಹಗೇವಿಗೆ ಇಳಿಸುತ್ತಿದ್ದರು. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ ಒಡಲು ಹಿರಿದಾಗಿ ಅಗೆದ ಕುಳಿಯೇ ಹಗೇವು. ಒಳಮೈಗೆ ಒಣಹುಲ್ಲನ್ನು ಒತ್ತಾಗಿ ಇಟ್ಟು, ಚೆನ್ನಾಗಿ ಒಣಗಿದ ಜೋಳವನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವರು. ಮುಚ್ಚಿದ ಕುಳಿಯಲ್ಲಿ ಕಾಳಿನ ಉಸಿರಾಟದಿಂದ ಆಮ್ಲಜನಕವು ಕುಗ್ಗಿ ಕೆಟ್ಟ ಗಾಳಿ ಹೆಚ್ಚುವುದರಿಂದ ಹುಳು ಬದುಕುವುದಿಲ್ಲ. ಅದೇ ಕಾರಣದಿಂದ, ತೆರೆದೊಡನೆ ಇಳಿದವರು ಪ್ರಾಣವನ್ನು ಕಳೆದುಕೊಂಡುದೂ ಉಂಟು. ಒಮ್ಮೆ ತೆರೆದ ಮೇಲೆ ಕಾಳನ್ನೆಲ್ಲ ತೆಗೆಯಬೇಕು. ಆದುದರಿಂದ ಹಗೇವು ದಿನಬಳಕೆಯ ಉಗ್ರಾಣವಲ್ಲ, ಬರಗಾಲದ ಮುಡಿಪು; ಕುಸೂಲಧಾನ್ಯಕನ ಭಾಗ್ಯ.

ಬಡಮನೆಯ ಸಂಗ್ರಹವೆಲ್ಲ ಒಂದರ ಮೇಲೊಂದು ಪೇರಿಸಿದ ಅಡಕಲಗಡಿಗೆಗಳಲ್ಲಿ ಅಡಗಿತ್ತು. ಜೋಳ, ಸಜ್ಜೆ, ನವಣೆ, ಹುರುಳಿ, ತೊಗರಿಗಳಿಗೆ ಬೂದಿಯನ್ನೋ ಬೇವಿನೆಲೆಯನ್ನೋ ಬೆರೆಸಿ ಕಾಪಾಡುತ್ತಿದ್ದರು. ಇವನ್ನು ತುಂಬಲು ರೊಕ್ಕ ಅಷ್ಟಾಗಿ ಬೇಕಿರಲಿಲ್ಲ. ಸುಗ್ಗಿಯ ಕೂಲಿ ಕಾಳಿನಲ್ಲಿಯೇ ಬರುತ್ತಿತ್ತು. ಬಡಿಗ ಕಮ್ಮಾರರಿಗೆ ಆಯವುಂಟು. ತುಂಡುಹೊಲವಿದ್ದವರಿಗೆ ಅಕ್ಕಡಿ ಸಾಲಿನ ಬೇಳೆಯೂ ಪುಂಡಿಸೊಪ್ಪೂ ದೊರೆಯುತ್ತಿದ್ದುವು. ಆದರೂ ದಿನಕ್ಕೆ ೨ ಕಿಲೋ ಕಾಳು ಬೇಕಾಗುವ ಐದು ಜನರ ಮನೆಗೆ ವರ್ಷಕ್ಕೆ ೭೩೦ ಕಿಲೋ ಬೇಕಷ್ಟೆ. ಕೂಲಿಯ ಮನೆಗೆ ಅಷ್ಟು ಕೂಡುವುದು ದುರ್ಲಭ. ರೊಟ್ಟಿಗೆ ಸಾಲದ ಕಾಳು ನುಚ್ಚಾಗುತ್ತಿತ್ತು. ನುಚ್ಚಿಗೂ ಸಾಲದಾದಾಗ ಅಂಬಲಿಯಾಗುತ್ತಿತ್ತು. ಹಿಟ್ಟು ಅಷ್ಟೇ, ನೀರು ಮಾತ್ರ ಹೆಚ್ಚು. ಬೀಜದ ಗಡಿಗೆಯನ್ನು ಮುಟ್ಟುವುದು ಕಟ್ಟಕಡೆಯ ಉಪಾಯ. ಮುಟ್ಟಿದ ಮನೆಯವರು ಮುಂದಿನ ವರ್ಷವನ್ನೂ ಉಂಡಂತೆಯೇ.

ಧಾತು ಈಶ್ವರ ಸಂವತ್ಸರಗಳ ಬರವು, ಅಂದರೆ ೧೮೭೬-೭೮ರ ಕ್ಷಾಮವು, ಈ ಉಪಾಯಗಳನ್ನೆಲ್ಲ ಮುರಿಯಿತು. ಆಗ ಲಿಂಗಸೂಗೂರು ನಿಜಾಮರ ರಾಜ್ಯದಲ್ಲಿ ಪ್ರತ್ಯೇಕ ಜಿಲ್ಲೆಯಾಗಿತ್ತು. ರಾಯಚೂರಿಗೆ ೧೮೭೧ರಲ್ಲಿಯೇ ರೈಲು ಬಂದಿತ್ತು. ಆದರೆ ರೈಲಿನಲ್ಲಿ ಬಂದ ಕಾಳು ಕೊಳ್ಳುವ ಶಕ್ತಿಯಿದ್ದವರಿಗೆ. ಬೆಳೆಯೇ ಇಲ್ಲದಿರಲು ಕಾಳಿನ ಕೂಲಿಯೂ ಇಲ್ಲ, ರೊಕ್ಕವೂ ಇಲ್ಲ. ತುಂಗಭದ್ರೆಯ ಆಚೆ, ಬಳ್ಳಾರಿಯು ಸೇರಿದ್ದ ಮದರಾಸು ಪ್ರಾಂತದಲ್ಲಿ, ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ಲನು ಪರಿಹಾರ ಕಾಮಗಾರಿಯ ಗಂಡಾಳಿಗೆ ಗೊತ್ತುಮಾಡಿದ ದಿನಗೂಲಿಯು ಒಂದು ಪೌಂಡು ಕಾಳಿನ ಬೆಲೆ ಮತ್ತು ಒಂದಾಣೆ. ಒಂದು ಪೌಂಡೆಂದರೆ ಅರ್ಧ ಕಿಲೋಗಿಂತ ಕಡಿಮೆ. ಕಲ್ಲು ಹೊರುವವನಿಗೆ ಅದು ಸಾಲದೆಂದು ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷನು ವಾದಿಸಿದನು. ಕೆಲವು ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಅಂಥ ಕೂಲಿಯಿಂದ ಮನೆಯ ಗಡಿಗೆಗೆ ಒಂದು ಹಿಡಿಯೂ ಮಿಗುವಂತಿರಲಿಲ್ಲ.

೧೯೫೩ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿಯಿತು. ಎಡದಂಡೆಯ ನೀರುಂಡ ಸಿಂಧನೂರು ಭತ್ತದ ಕಣಜವೆನಿಸಿತು. ಆದರೆ ಭತ್ತವು ಮಾರುವ ಬೆಳೆ. ಗದ್ದೆಯಲ್ಲಿ ಅಕ್ಕಡಿಗೆ ಎಡೆಯಿಲ್ಲ, ಕೂಲಿ ರೊಕ್ಕದಲ್ಲಿ ಬರತೊಡಗಿತು, ಹಗೇವುಗಳು ಮುಚ್ಚಿಹೋದುವು. ಕಾಳು ಕಣದಿಂದ ಮನೆಗೆ ಬರುವ ಬದಲು ಅಂಗಡಿಯಿಂದ ಬರುವಂತಾಯಿತು.

ಈಗ ೨೦೧೩ರ ಆಹಾರ ಭದ್ರತಾ ಕಾಯಿದೆಯು ಆದ್ಯತಾ ಕುಟುಂಬಗಳ ಪ್ರತಿಯೊಬ್ಬರಿಗೂ ತಿಂಗಳಿಗೆ ೫ ಕಿಲೋ ಧಾನ್ಯದ ಹಕ್ಕನ್ನು ಕೊಟ್ಟಿದೆ. ಅಶ್ವಸ್ತನಿಕನ ಮನೆಗೆ ಗಡಿಗೆಯೊಂದು ಬಂದಂತಾಯಿತು. ಇದು ಅಲ್ಪ ಸಂಗತಿಯಲ್ಲ. ಆದರೆ ಮೇಲೆ ಹೇಳಿದ ಐದು ಜನರ ಮನೆಗೆ ತಿಂಗಳಿಗೆ ಬೇಕಾದುದು ೬೦ ಕಿಲೋ, ಈ ಕಾಯಿದೆಯ ಹಕ್ಕಿನಿಂದ ಬರುವುದು ೨೫. ಉಳಿದ ೩೫ ಕಿಲೋ ಕಾಳೂ, ಬೇಳೆ ಎಣ್ಣೆ ಉಪ್ಪುಗಳೂ ಆ ಹಕ್ಕಿನ ಹೊರಗಿನಿಂದಲೇ ದೊರೆಯಬೇಕು. ಮಳೆ ತಪ್ಪಿದ ವರ್ಷ ಲಿಂಗಸೂಗೂರು ಮಸ್ಕಿಗಳ ಒಣಭೂಮಿಯ ಜನರು ಬಾಗಿಲಿಗೆ ಬೀಗ ಹಾಕಿ ಬೆಂಗಳೂರು ಪುಣೆಗಳಿಗೆ ಗುಳೆ ಹೋಗುವುದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ.