ಈಜೂ ಬೇಕು, ಓದೂ ಬೇಕು: ಶಿಖಾ ಟಂಡನ್



ನಮ್ಮ ಅಫಜಲಪುರ, ಜೇವರ್ಗಿ ಕಡೆಯ ಮಕ್ಕಳು ಭೀಮಾ ನದಿಯಲ್ಲಿ, ಆಳಂದದ ಮಕ್ಕಳು ಬಾವಿಗಳಲ್ಲಿ ಈಜು ಕಲಿಯುತ್ತಾರೆ. ಮನೆಯಲ್ಲಿ ಕೇಳುವ ಮಾತು ಮಾತ್ರ ಒಂದೇ: "ಈಜಿದರೆ ಹೊಟ್ಟೆ ತುಂಬುತ್ತದೆಯೇ? ಓದು!" ಇದಕ್ಕೆ ನಮ್ಮ ರಾಜ್ಯದ ಕ್ರೀಡಾ ಇತಿಹಾಸದಲ್ಲಿಯೇ ಉತ್ತರವಿದೆ.

1985ರಲ್ಲಿ ಜನಿಸಿದ ಬೆಂಗಳೂರಿನ ಶಿಖಾ ಟಂಡನ್ ರಾಷ್ಟ್ರಮಟ್ಟದಲ್ಲಿ ನೂರಕ್ಕೂ ಹೆಚ್ಚು ಪದಕ ಗೆದ್ದವರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡರಲ್ಲೂ ಸ್ಪರ್ಧಿಸಿದಾಗ ಅವರಿಗೆ ಕೇವಲ 19 ವರ್ಷ. ಅಲ್ಲಿ ಪದಕ ಬರಲಿಲ್ಲ. ಆದರೆ 2005ರ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು.

50 ಮೀಟರ್ ಸ್ಪರ್ಧೆ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಈಜುಗಾರರ ಕ್ರೀಡಾಜೀವನವೂ ಬೇಗನೆ ಮುಗಿಯುತ್ತದೆ. ಮುಂದೇನು? ಬೆಂಗಳೂರಿನ ಜೈನ್ ಕಾಲೇಜಿನಲ್ಲಿ ಈಜಿನ ಜೊತೆಗೇ ಜೈವಿಕ ತಂತ್ರಜ್ಞಾನ ಓದಿದ್ದ ಶಿಖಾ, ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ನಂತರ ಆ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಈಜಿನ ಅನುಭವ, ವಿಜ್ಞಾನದ ಓದು ಎರಡೂ ಅಲ್ಲಿ ಉಪಯೋಗಕ್ಕೆ ಬಂದವು.

ಪಾಲಕರೇ, "ಆಟ ಬಿಡು" ಎನ್ನುವ ಮುನ್ನ, ವಿದ್ಯಾರ್ಥಿಗಳೇ, ಆಟಕ್ಕಾಗಿ ಪುಸ್ತಕ ಮುಚ್ಚಿಡುವ ಮುನ್ನ, ಈ ಹೆಣ್ಣುಮಗಳ ಬದುಕನ್ನು ಒಮ್ಮೆ ನೆನೆಯಿರಿ.