ಮೂಲ ಕಾಣದ ಊರಿಗೆ ಬಂದ ಆಟ

ಟಿವಿಗೆ ಜೋಡಿಸಿ ಆಡುವ ಕನ್ಸೋಲಿನ ಆಕ್ಷನ್ ಗೇಮನ್ನು ಕೈಯಲ್ಲಿ ಹಿಡಿಯುವ ಸಣ್ಣ ಸಾಧನಕ್ಕೆ ಇಳಿಸುವ ಕೆಲಸಕ್ಕೆ ಮೂರು ದಶಕಗಳಿಗೂ ಮೀರಿದ ಇತಿಹಾಸವಿದೆ. ಉದ್ಯಮದವರು ಅದನ್ನು ಪೋರ್ಟ್ ಮಾಡುವುದು ಎನ್ನುತ್ತಾರೆ. ಚೆಸ್ಸೋ ಇಸ್ಪೀಟೋ ಆದರೆ ಪರದೆ ಎಷ್ಟು ಕುಗ್ಗಿದರೂ ಆಟ ಕೆಡುವುದಿಲ್ಲ. ಹೊಡೆದಾಟದ ಆಟ ಹಾಗಲ್ಲ. ಗುಂಡಿ ಒತ್ತಿದ ಮೇಲೆ ಏಟು ಬೀಳುವುದು ಕೊಂಚವೇ ತಡವಾದರೂ, ಕಣ್ಣು ಗುರುತಿಸದಿದ್ದರೆ ಬೆರಳು ಗುರುತಿಸುತ್ತದೆ. ಹಾಗಾಗಿ ಇಂಥ ಪೋರ್ಟುಗಳ ವಿಮರ್ಶೆ ಮೊದಲಿನಿಂದಲೂ ಒಂದೇ ಪ್ರಶ್ನೆಯ ಸುತ್ತ ಬೆಳೆಯಿತು: ಮೂಲದಲ್ಲಿದ್ದದ್ದು ಇಲ್ಲಿ ಎಷ್ಟು ಉಳಿದಿದೆ? ಅದು ಮೂಲವನ್ನು ಆಡಿದವರು ಕೇಳುವ ಪ್ರಶ್ನೆ. ರಾಯಚೂರು ಜಿಲ್ಲೆಯ ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯ ವಳಕಮದಿನ್ನಿಯಂಥ ಹಳ್ಳಿಗಳ ಬಹುಪಾಲು ಮನೆಗಳಿಗೆ ಕನ್ಸೋಲ್ ಬರಲೇ ಇಲ್ಲ. ಅದರ ಆಟಗಳ ಕಿರುರೂಪ ಮಾತ್ರ ಬಂತು. ಅಲ್ಲಿ ಅಳತೆಗೋಲೇ ಬೇರೆಯಾಯಿತು.

ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ತಂದ ಗೇಮ್ ಬಾಯ್ ಈ ಇತಿಹಾಸದ ನಿಜವಾದ ಆರಂಭ. ಗುನ್ಪೆ ಯೊಕೊಯಿ ನೇತೃತ್ವದಲ್ಲಿ ರೂಪುಗೊಂಡ ಆ ಸಾಧನಕ್ಕಿದ್ದದ್ದು 160 ಅಡ್ಡ ಚುಕ್ಕಿ, 144 ಉದ್ದ ಚುಕ್ಕಿಗಳ ಪರದೆ, ನಾಲ್ಕೇ ಛಾಯೆ, ಎಂಟು ಕಿಲೋಬೈಟ್ ಕೆಲಸದ ಮೆಮೊರಿ, ಆಡಲು ಎರಡು ಮುಖ್ಯ ಗುಂಡಿ. ಬಣ್ಣದ ಪರದೆಯ ಪ್ರತಿಸ್ಪರ್ಧಿಗಳು ಬಂದರೂ ಕಡಿಮೆ ಬೆಲೆ ಮತ್ತು ನಾಲ್ಕು ಸೆಲ್ಲುಗಳ ಮೇಲೆ ಗಂಟೆಗಟ್ಟಲೆ ನಡೆಯುವ ತಾಳಿಕೆಯಿಂದ ಅದು ಗೆದ್ದಿತು. ಆದರೆ ದೊಡ್ಡ ಯಂತ್ರದ ಆಟವನ್ನು ಅದರೊಳಗೆ ತುರುಕಬೇಕಾದವರ ಪಾಡು ಬೇರೆ.

1993ರ ಸೆಪ್ಟೆಂಬರಿನಲ್ಲಿ ಮಾರ್ಟಲ್ ಕಾಂಬ್ಯಾಟ್ ಆಟ ಮನೆಯ ಯಂತ್ರಗಳಿಗೂ ಅಂಗೈ ಯಂತ್ರಗಳಿಗೂ ಒಂದೇ ದಿನ ಬಂತು. ಗೇಮ್ ಬಾಯ್ ಆವೃತ್ತಿಯಲ್ಲಿ ಜಾನಿ ಕೇಜ್ ಎಂಬ ಹೋರಾಟಗಾರ ಇರಲಿಲ್ಲ. ಸೆಗಾ ಕಂಪನಿಯ ಗೇಮ್ ಗೇರ್‌ನಲ್ಲಿ ಕೇನೊ ಇರಲಿಲ್ಲ. ಗೇಮ್ ಬಾಯ್‌ನಲ್ಲಿ ಗುಂಡಿ ಒತ್ತಿದ ಮೇಲೆ ಪಾತ್ರ ನಿಧಾನವಾಗಿ ಕೈ ಎತ್ತುವುದೇ ಅದರ ಅಪಖ್ಯಾತಿಗೆ ಕಾರಣವಾಯಿತು. ಎರಡು ವರ್ಷಗಳ ನಂತರ ಕ್ಯಾಪ್ಕಾಮ್‌ನ ಸ್ಟ್ರೀಟ್ ಫೈಟರ್ 2 ಅದೇ ಸಾಧನಕ್ಕೆ ಬಂದಾಗ ಸಮಸ್ಯೆ ಇನ್ನೂ ದೊಡ್ಡದು. ಮೂಲದ ಆರ್ಕೇಡ್ ಯಂತ್ರಕ್ಕೆ ಆರು ಹೊಡೆತದ ಗುಂಡಿಗಳಿದ್ದವು: ಮೂರು ಗುದ್ದಿಗೆ, ಮೂರು ಒದೆಗೆ. ಗೇಮ್ ಬಾಯ್‌ನಲ್ಲಿ ಎರಡರಲ್ಲೇ ಎಲ್ಲ ಮುಗಿಯಬೇಕು. ಗುಂಡಿಯನ್ನು ತಟ್ಟಿ ಬಿಟ್ಟರೆ ಹಗುರ ಏಟು, ಒತ್ತಿ ಹಿಡಿದರೆ ಭಾರಿ ಏಟು ಎಂಬುದು ಅದಕ್ಕೆ ಕಂಡುಕೊಂಡ ಉಪಾಯ. ಪಾತ್ರಗಳಲ್ಲಿ ಮೂವರನ್ನು ಕೈಬಿಡಲಾಯಿತು. ಅವರಲ್ಲಿ ಒಬ್ಬ ಧಾಲ್ಸಿಮ್, ಕೈಕಾಲು ಮಾರುದ್ದ ಚಾಚಿ ಹೊಡೆಯುವ ಯೋಗಿ, ಆ ಆಟದ ಏಕೈಕ ಭಾರತೀಯ. ಅವನನ್ನು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ ಎನ್ನುವುದು ಅಂದಿನ ಮಾರುಕಟ್ಟೆ ಎಲ್ಲಿತ್ತು ಎಂಬುದನ್ನೂ ಹೇಳುತ್ತದೆ.

ಇಂಥ ನಷ್ಟಗಳ ಲೆಕ್ಕ ಬರೆದವು ಪತ್ರಿಕೆಗಳು. 1986ರಲ್ಲಿ ಶುರುವಾದ ಜಪಾನಿನ ಫಾಮಿತ್ಸು, ನಾಲ್ವರು ವಿಮರ್ಶಕರು ತಲಾ ಹತ್ತರಲ್ಲಿ ಅಂಕ ಕೊಟ್ಟು ನಲವತ್ತಕ್ಕೆ ಮೊತ್ತ ಹಾಕುವ ಪದ್ಧತಿಯನ್ನು ಪ್ರಸಿದ್ಧಗೊಳಿಸಿತು. ಚಿತ್ರ, ಧ್ವನಿ, ನಿಯಂತ್ರಣ, ಆಯುಷ್ಯ ಎಂದು ಆಟವನ್ನು ಭಾಗ ಮಾಡಿ ತೂಗುವುದು ಇತರ ಪತ್ರಿಕೆಗಳಲ್ಲಿ ರೂಢಿಯಾಯಿತು. ಪೋರ್ಟುಗಳ ಮಟ್ಟಿಗೆ ಈ ಕ್ರಮ ಅಷ್ಟೇನೂ ನ್ಯಾಯವಾದದ್ದಲ್ಲ. ಚಿತ್ರ ಕಳೆಗುಂದಿದರೂ ಬೆರಳಿನ ಲಯ ಉಳಿಸಿಕೊಂಡ ಆಟ ಅಂಕಪಟ್ಟಿಯಲ್ಲಿ ಸೋಲಬಹುದು. ಚೆಂದದ ಪರದೆಯ ಹಿಂದೆ ತಡವರಿಸುವ ಆಟ ಗೆಲ್ಲಬಹುದು. ಭಾರತದಲ್ಲಿ ಈ ಬಗೆಯ ಬರವಣಿಗೆ ಇಂಗ್ಲಿಷಿನಲ್ಲೇ ಬೇರೂರಿತು. ಡಿಜಿಟ್ ಪತ್ರಿಕೆಯ ಬಳಗದಿಂದ ಬಂದ ಸ್ಕೋರ್ ಅದಕ್ಕೆ ಪರಿಚಿತ ಉದಾಹರಣೆ.

2004ರ ಕೊನೆಗೆ ಸೋನಿ ಕಂಪನಿಯ ಪಿಎಸ್‌ಪಿ ಬಂದಾಗ ಅಂತರ ತಗ್ಗಿತು. 480 ಅಡ್ಡ, 272 ಉದ್ದ ಚುಕ್ಕಿಗಳ ಅಗಲ ಪರದೆ, 32 ಮೆಗಾಬೈಟ್ ಮೆಮೊರಿ, ಸಣ್ಣ ಡಿಸ್ಕು. ಪ್ಲೇಸ್ಟೇಷನ್ 2ರ ಆಟಗಳನ್ನು ಹೋಲುವ ಆಟಗಳು ಬಸ್ಸಿನಲ್ಲಿ ಕೂತು ಆಡುವಂತಾದವು. ಕೊರತೆ ಉಳಿದದ್ದು ಕಡ್ಡಿಯಲ್ಲಿ: ಕನ್ಸೋಲಿನ ಕಂಟ್ರೋಲರಿಗೆ ಎರಡು ಅನಲಾಗ್ ಕಡ್ಡಿಗಳಿದ್ದರೆ ಪಿಎಸ್‌ಪಿಗೆ ಒಂದೇ. ಗಾಡ್ ಆಫ್ ವಾರ್‌ನಲ್ಲಿ ಬಲಗಡ್ಡಿ ತಳ್ಳಿ ಪಕ್ಕಕ್ಕೆ ಉರುಳುತ್ತಿದ್ದ ನಾಯಕ, 2008ರ ಚೇನ್ಸ್ ಆಫ್ ಒಲಿಂಪಸ್‌ನಲ್ಲಿ ಮೇಲಿನ ಎರಡು ಭುಜಗುಂಡಿಗಳನ್ನು ಒಟ್ಟಿಗೆ ಹಿಡಿದು ಕಡ್ಡಿ ತಿರುಗಿಸಿದರೆ ಉರುಳುತ್ತಾನೆ. ರೆಡಿ ಅಟ್ ಡಾನ್ ಸ್ಟುಡಿಯೋ ಹಳೆಯ ಆಟವನ್ನು ಇಳಿಸುವ ಬದಲು ಆ ಯಂತ್ರಕ್ಕೆಂದೇ ಹೊಸ ಕಥೆ ಕಟ್ಟಿತು. ಆ ಕಾಲದ ಜಾಣ ನಿರ್ಧಾರಗಳಲ್ಲಿ ಇದೂ ಒಂದು.

ಕರ್ನಾಟಕದ ಸಣ್ಣ ಊರುಗಳಿಗೆ ಈ ಸರಣಿಯ ಯಂತ್ರಗಳು ವಿರಳ. ಅಲ್ಲಿ ಕೈಗೆ ಸಿಕ್ಕಿದ ಮೊದಲ ಗೇಮು ಬಹುತೇಕರಿಗೆ ಜಾತ್ರೆ, ಸಂತೆ, ಬಸ್ ನಿಲ್ದಾಣದ ಅಂಗಡಿಯ ಚೀನೀ ಬ್ರಿಕ್ ಗೇಮ್. ಹತ್ತು ಸಾಲು ಅಗಲ, ಇಪ್ಪತ್ತು ಸಾಲು ಎತ್ತರದ ಇನ್ನೂರು ಚೌಕಗಳೇ ಅದರ ಜಗತ್ತು. ಡಬ್ಬಿಯ ಮೇಲೆ 9999 ಆಟಗಳೆಂದು ಅಚ್ಚಾಗಿದ್ದರೂ ಒಳಗಿದ್ದವು ಕೆಲವೇ. ವೇಗ ಮತ್ತು ಹಂತ ಬದಲಿಸಿ ಎಣಿಕೆ ಉಬ್ಬಿಸಲಾಗುತ್ತಿತ್ತು. ಇಟ್ಟಿಗೆ ಜೋಡಿಸುವ ಟೆಟ್ರಿಸ್ ಜೊತೆಗೆ ಅದರಲ್ಲೊಂದು ಟ್ಯಾಂಕ್ ಆಟವಿತ್ತು. ಅದು 1985ರ ಬ್ಯಾಟಲ್ ಸಿಟಿಯ ಬಡ ನೆರಳು. ಪರವಾನಗಿ ಇಲ್ಲದೆ, ಹೆಸರೂ ಇಲ್ಲದೆ ಬಂದ ಪೋರ್ಟ್ ಎಂದರೂ ತಪ್ಪಿಲ್ಲ.

ಆಮೇಲೆ ಬಂದದ್ದು ಫೋನು. 1997ರಲ್ಲಿ ನೋಕಿಯಾ 6110ರೊಳಗೆ ಹಾವಿನ ಆಟವಿತ್ತು. ಹೊಸ ಶತಮಾನದ ಮೊದಲ ದಶಕದಲ್ಲಿ ಜಾವಾ ಆಟಗಳು ಹರಡಿದವು. ನೋಕಿಯಾದ ಮೊದಮೊದಲ ಸಾಮಾನ್ಯ ಫೋನುಗಳಲ್ಲಿ ಇಡೀ ಆಟ 64 ಕಿಲೋಬೈಟಿನ ಒಳಗೆ ಇರಬೇಕಿತ್ತು, ಪರದೆ 128 ಚುಕ್ಕಿಗಳ ಚೌಕ. ಕನ್ಸೋಲಿನ ಮೂರು ಆಯಾಮದ ಪ್ರಿನ್ಸ್ ಆಫ್ ಪರ್ಷಿಯಾ: ಸ್ಯಾಂಡ್ಸ್ ಆಫ್ ಟೈಮ್ ಅನ್ನು ಗೇಮ್‌ಲಾಫ್ಟ್ ಕಂಪನಿ ಫೋನಿಗೆ ಇಳಿಸಿದಾಗ ರಾಜಕುಮಾರ ಪಕ್ಕದಿಂದ ಕಾಣುವ ಎರಡು ಆಯಾಮದ ಓಟಗಾರನಾದ. ಇದನ್ನು ಸೋಲೆಂದು ಬರೆಯುವುದು ಸುಲಭ. ನಿಜದಲ್ಲಿ ಅಂಕಿಗುಂಡಿಗಳ ಮೇಲೆ ಒಂದೇ ಹೆಬ್ಬೆರಳಿನಿಂದ ಆಡುವವರಿಗೆ ಅದೇ ಸರಿಯಾದ ರೂಪ. ಅದೇ ವರ್ಷ, 2003ರಲ್ಲಿ, ಟೂಂಬ್ ರೈಡರ್ ಆಟವನ್ನು ನೋಕಿಯಾದ ಎನ್-ಗೇಜ್ ಫೋನಿಗೆ ಮೂರು ಆಯಾಮದಲ್ಲೇ ತರಲಾಯಿತು. ತಂತ್ರಜ್ಞಾನದ ಸಾಹಸ ಮೆಚ್ಚುವಂಥದ್ದು. ನಿಡಿದಾದ ಕಿರುಪರದೆಯಲ್ಲಿ ಅಕ್ಕಪಕ್ಕದ ಗೋಡೆ ಕಾಣದೆ ಎಡವುವುದು ಆಡುವವರ ಪಾಲು.

ಸಿಂಧನೂರು, ಲಿಂಗಸುಗೂರಿನಂಥ ತಾಲ್ಲೂಕು ಕೇಂದ್ರಗಳ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ, ಗೇಮು ತುಂಬಿಸಿಕೊಡುವ ವ್ಯವಹಾರ ನಡೆದದ್ದು ಈ ಕಾಲದಲ್ಲೇ. ಸುತ್ತಲ ಹಳ್ಳಿಗಳ ಹುಡುಗರಿಗೆ ಅಂಗಡಿಯವನ ಕಂಪ್ಯೂಟರೇ ಆಟಗಳ ಗ್ರಂಥಾಲಯ. ವಿಮರ್ಶೆ ಬಾಯಿಮಾತಿನದು: ಈ ಸೆಟ್ಟಿಗೆ ಹಿಡಿಸುತ್ತದೆಯೇ, ಹ್ಯಾಂಗ್ ಆಗುತ್ತದೆಯೇ, ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತದೆ. ಮೂಲಕ್ಕಿಂತ ಚಿತ್ರ ಕಳಪೆ ಎಂಬ ಮಾತು ಇಲ್ಲಿ ಹುಟ್ಟುವ ಹಾಗೇ ಇರಲಿಲ್ಲ. ಪರ್ಷಿಯಾದ ರಾಜಕುಮಾರ ಇವರಿಗೆ ಮೊದಲಿನಿಂದಲೂ ಪಕ್ಕದಿಂದ ಕಾಣುವವನೇ. ಬಯಲಾಟವನ್ನು ಊರ ಹೊರಗೇ ನೋಡಿ ಬೆಳೆದವನಿಗೆ ಪಟ್ಟಣದ ರಂಗಮಂದಿರ ನೆನಪಾಗದ ಹಾಗೆ, ಮೂಲದ ಕೊರಗು ಇಲ್ಲದೆ ಆಟ ಆಟವಾಗಿಯೇ ನಿಂತಿತು.

ಆಟವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯುವ ಕೆಲಸವೂ ಕರ್ನಾಟಕಕ್ಕೆ ಹೊಸತಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್‌ಗೆ ಸಿಕ್ಕ ಮೊದಲ ದೊಡ್ಡ ವಿದೇಶಿ ಕೆಲಸಗಳಲ್ಲಿ ಒಂದು, ಫ್ರಾನ್ಸಿನ ಇನ್ಫೊಗ್ರಾಮ್ಸ್ ಕಂಪನಿಯ ಮಿಷನ್: ಇಂಪಾಸಿಬಲ್ ಕನ್ಸೋಲ್ ಆಟವನ್ನು ಕಂಪ್ಯೂಟರಿಗೆ ಒಗ್ಗಿಸುವುದು. ದಿಕ್ಕು ಅಂಗೈಯ ಕಡೆಗಲ್ಲ, ಕಸುಬು ಅದೇ. ಮುಂದೆ ಧ್ರುವ ವಿದೇಶಿ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ರೂಪಿಸುವ ಕಲಾ ಸ್ಟುಡಿಯೋ ಆಗಿ ಬೆಳೆಯಿತು. ಫೋರ್ಜಾ ಸರಣಿಯಲ್ಲಿ ಅದರ ಕೆಲಸವಿದೆ. ಸ್ವೀಡನ್ನಿನ ಸ್ಟಾರ್‌ಬ್ರೀಝ್ ಕೈಗೆ ಹೋಗಿ, 2019ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೊ ತಯಾರಿಸುವ ರಾಕ್‌ಸ್ಟಾರ್‌ನ ಬೆಂಗಳೂರು ಸ್ಟುಡಿಯೋದಲ್ಲಿ ಅದು ಸೇರಿಹೋಯಿತು. ಉಡುಪಿಯಲ್ಲಿ ರೋಹಿತ್ ಭಟ್ 1996ರಲ್ಲಿ ಆರಂಭಿಸಿದ ರೋಬೋಸಾಫ್ಟ್ ಮ್ಯಾಕಿಂತೋಷ್ ತಂತ್ರಾಂಶದಿಂದ ಫೋನಿನತ್ತ ಹೊರಳಿತು. ಅದರ ಬಳಗದ 99ಗೇಮ್ಸ್, 2013ರಲ್ಲಿ ಧೂಮ್ 3 ಸಿನಿಮಾದ ಬೈಕ್ ಆಟವನ್ನು ನೇರ ಮೊಬೈಲಿಗೇ ಮಾಡಿತು.

ಹಳ್ಳಿಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪೋರ್ಟ್ ಬಂದದ್ದು 2018ರಲ್ಲಿ. ಕಂಪ್ಯೂಟರ್ ಮತ್ತು ಎಕ್ಸ್‌ಬಾಕ್ಸ್‌ಗಳಲ್ಲಿ ಹೆಸರಾಗಿದ್ದ ಪಬ್‌ಜಿಯನ್ನು ಟೆನ್ಸೆಂಟ್ ಕಂಪನಿ ಫೋನಿಗೆ ತಂದಾಗ, ಜಿಯೊ ಶುರುವಾಗಿ ಒಂದೂವರೆ ವರ್ಷವಾಗಿತ್ತು, ಡೇಟಾ ಅಗ್ಗವಾಗಿತ್ತು. ನೂರು ಜನ ಒಂದು ದ್ವೀಪಕ್ಕಿಳಿದು ಕೊನೆಯವರೆಗೂ ಉಳಿಯುವ ಹೋರಾಟ ಗಾಜಿನ ಮೇಲಿನ ಎರಡು ಹೆಬ್ಬೆರಳಿಗೆ ಒಗ್ಗಿತು. ಹೆಜ್ಜೆ ಸಪ್ಪಳ ಬಂದ ದಿಕ್ಕನ್ನು ಪರದೆಯ ಮೂಲೆಯ ಕಿರುನಕ್ಷೆಯಲ್ಲಿ ತೋರಿಸುವುದು, ಬಿದ್ದ ವಸ್ತುವನ್ನು ತಾನೇ ಎತ್ತಿಕೊಳ್ಳುವುದು ಮೊದಲಾದ ಅನುಕೂಲಗಳು ಸೇರಿದವು. ಮೂಲ ಬಲ್ಲ ವಿಮರ್ಶಕರು ಇವನ್ನು ಸಡಿಲಿಕೆ ಎಂದರು. ಸಣ್ಣ ಸ್ಪೀಕರಿನ ಫೋನಿನಲ್ಲಿ ಇವಿಲ್ಲದೆ ಆಡಲಾಗದು ಎಂಬುದೂ ಅಷ್ಟೇ ನಿಜ. ಕಡಿಮೆ ಮೆಮೊರಿಯ ಸೆಟ್ಟುಗಳಿಗೆಂದು ಲೈಟ್ ಆವೃತ್ತಿ ಬಂತು: ನೂರರ ಬದಲು ಅರವತ್ತು ಜನ, ಚಿಕ್ಕ ನಕ್ಷೆ. ಹೀಗೆ ಪೋರ್ಟಿಗೂ ಒಂದು ಪೋರ್ಟ್ ಹುಟ್ಟಿತು.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿಯ ಈ ಎರಡೂ ಫೋನ್ ಆವೃತ್ತಿಗಳನ್ನು ನಿಷೇಧಿಸಿತು. ಮರುವರ್ಷ ಕ್ರಾಫ್ಟನ್ ಕಂಪನಿಯ ಬಿಜಿಎಂಐ ಹೆಸರಿನಲ್ಲಿ ದೊಡ್ಡ ಆವೃತ್ತಿ ಮಾತ್ರ ಮರಳಿತು. ಅಗ್ಗದ ಸೆಟ್ಟುಗಳನ್ನು ಗಮನದಲ್ಲಿಟ್ಟು ಮೊದಲೇ ಬಂದಿದ್ದ ಫ್ರೀ ಫೈರ್‌ನಲ್ಲಿ ಐವತ್ತೇ ಜನ, ಹತ್ತು ನಿಮಿಷದ ಆಸುಪಾಸಿನ ಪಂದ್ಯ. 2017ರಲ್ಲಿ ಬಂದ ಅದು ಮೂಲತಃ ಫೋನಿಗೇ ಹುಟ್ಟಿದ್ದು, 2022ರ ಫೆಬ್ರವರಿಯಲ್ಲಿ ಅದಕ್ಕೂ ನಿಷೇಧ ಬಿತ್ತು. ಅತ್ತ ದೊಡ್ಡ ಮಾರುಕಟ್ಟೆಗಳಲ್ಲಿ ನಿಂಟೆಂಡೊ ಸ್ವಿಚ್, ಸ್ಟೀಮ್ ಡೆಕ್‌ಗಳಿಗೆ ಬರುವ ಪೋರ್ಟುಗಳನ್ನು ಸೆಕೆಂಡಿಗೆ ಎಷ್ಟು ಚಿತ್ರ ಎಂದು ಯಂತ್ರ ಹಿಡಿದು ಅಳೆಯಲಾಗುತ್ತಿದೆ. 2017ರಲ್ಲಿ ಡೂಮ್ ಸ್ವಿಚ್‌ಗೆ ಬಂದಾಗ ಅರವತ್ತಿದ್ದದ್ದು ಮೂವತ್ತಾಯಿತು ಎಂಬುದೇ ಚರ್ಚೆಯ ಕೇಂದ್ರವಾಗಿತ್ತು. ಕನ್ನಡದಲ್ಲಿ ಪ್ರಜಾವಾಣಿಯ ಗ್ಯಾಜೆಟ್ ಲೋಕದಂಥ ಅಂಕಣದಲ್ಲಿ ಯು.ಬಿ. ಪವನಜ ಫೋನುಗಳನ್ನೇ ಕೈಯಲ್ಲಿ ಹಿಡಿದು ಪರೀಕ್ಷಿಸಿ ಬರೆದರು. ಗೇಮಿಗಿಂತ ಅದನ್ನು ಆಡಿಸುವ ಸೆಟ್ಟನ್ನು ತೂಗುವ ಈ ಕ್ರಮವೂ, ಮೆಮೊರಿ ಕಾರ್ಡಿನ ಅಂಗಡಿಯ ಮುಂದೆ ಹುಡುಗರು ಕೇಳುತ್ತಿದ್ದ ಪ್ರಶ್ನೆಗಳೂ ಹೆಚ್ಚು ದೂರವೇನಲ್ಲ.