ಎರಡು ಲೀಟರ್ ನೀರು ಮತ್ತು ಇಬ್ಬರು ವಾರಿಂಗ್ಟನ್‌ಗಳು

ಹೋದ ವರ್ಷ ಹುಟ್ಟುಹಬ್ಬಕ್ಕೆ ಗೆಳೆಯರೆಲ್ಲ ಸೇರಿ ನನಗೊಂದು ಫೈಟರ್ ಮೀನು ಕೊಟ್ಟಿದ್ದರು. ಎರಡು ಲೀಟರ್ ಹಿಡಿಯುವ ದುಂಡನೆಯ ಗಾಜಿನ ಬೋಗುಣಿ, ತಳದಲ್ಲಿ ಬಣ್ಣದ ಕಲ್ಲು, ಮಧ್ಯೆ ಒಂದು ಪ್ಲಾಸ್ಟಿಕ್ ಗಿಡ. "ಪಂಪು ಬೇಡ, ಫಿಲ್ಟರ್ ಬೇಡ, ದಿನಾ ನಾಲ್ಕು ಕಾಳು ಹಾಕಿದ್ರೆ ಸಾಕು" ಅಂದಿದ್ದರಂತೆ ಅಂಗಡಿಯವರು. ಐದನೇ ವಾರ ಬೆಳಿಗ್ಗೆ ಎದ್ದು ನೋಡಿದರೆ ಮೀನು ತಳದಲ್ಲಿ ಮಲಗಿಬಿಟ್ಟಿತ್ತು. ನೀರು ಮಾತ್ರ ಸ್ಫಟಿಕದ ಹಾಗೆ ತಿಳಿಯಾಗಿತ್ತು!

ತಿಳಿನೀರಿನಲ್ಲಿ ಮೀನು ಯಾಕೆ ಸಾಯುತ್ತೆ? ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇಂಗ್ಲೆಂಡಿನ ಒಬ್ಬ ಅಪ್ಪ ಮತ್ತು ಮಗನ ಕಥೆ. ಇಬ್ಬರ ಹೆಸರೂ ರಾಬರ್ಟ್ ವಾರಿಂಗ್ಟನ್.

ಆ ಕಾಲದಲ್ಲಿ ಮೀನು ಸಾಕುವವರಿಗೆಲ್ಲ ಇದ್ದದ್ದು ಗಾಳಿಯ ಚಿಂತೆ. 1846ರಲ್ಲಿ ಕಡಲತೀರದಿಂದ ಲಂಡನ್ನಿಗೆ ಹವಳದ ಜೀವಿಗಳನ್ನು ತಂದಿಟ್ಟುಕೊಂಡ ಆನಾ ಥಿನ್ ಎಂಬಾಕೆಯ ಮನೆಯಲ್ಲಿ, ಕೆಲಸದ ಹುಡುಗಿ ದಿನಾ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಾ ಅದಕ್ಕೆ ಗಾಳಿ ಸೇರಿಸಬೇಕಾಗಿತ್ತು. ನಾವು ಕಾಫಿ ಆರಿಸ್ತೀವಲ್ಲ, ಹಾಗೆ!

ಅಪ್ಪ ವಾರಿಂಗ್ಟನ್ ರಸಾಯನಶಾಸ್ತ್ರಜ್ಞ. 1849ರಲ್ಲಿ ಆತ ಸುಮಾರು 12 ಗ್ಯಾಲನ್, ಅಂದರೆ 54 ಲೀಟರ್ ಹಿಡಿಸುವ ಗಾಜಿನ ಪಾತ್ರೆಯಲ್ಲಿ ಮರಳು, ಮಣ್ಣು, ಕಲ್ಲು ಹಾಕಿ, ವ್ಯಾಲಿಸ್ನೇರಿಯಾ ಎಂಬ ಉದ್ದೆಲೆಯ ನೀರುಗಿಡ ನೆಟ್ಟು, ಎರಡೇ ಎರಡು ಪುಟ್ಟ ಗೋಲ್ಡ್ ಫಿಶ್ ಬಿಟ್ಟ. ಮೀನು ಉಸಿರು ಬಿಟ್ಟ ಇಂಗಾಲದ ಡೈ ಆಕ್ಸೈಡ್ ಗಿಡಕ್ಕೆ, ಗಿಡ ಕೊಟ್ಟ ಆಮ್ಲಜನಕ ಮೀನಿಗೆ ಅನ್ನುವುದು ಲೆಕ್ಕ. ಆದರೆ ಕೊಳೆತ ಎಲೆಗಳಿಂದ ನೀರು ಕೆಟ್ಟಿತು. ಆಗ ಆತ ಒಂದೈದಾರು ನೀರಿನ ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. 1850ರಲ್ಲಿ ಇದನ್ನು ಆತ ಪ್ರಕಟಿಸಿದ.

ಆಮೇಲೆ ಶುರುವಾಯಿತು ನೋಡಿ ಹುಚ್ಚು. 1845ರಲ್ಲೇ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಪುಸ್ತಕ ಬರೆದ. ಜನ ಕಡಲತೀರಕ್ಕೆ ಮುಗಿಬಿದ್ದು ಬಂಡೆಗಳ ನಡುವಿನ ಹೊಂಡಗಳನ್ನು ಬರಿದು ಮಾಡಿದರು. ಅಪ್ಪನ ಪುಸ್ತಕವೇ ಆ ಲೂಟಿಗೆ ದಾರಿಯಾಯಿತಲ್ಲ ಎಂದು ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ಆತ್ಮಕಥನದಲ್ಲಿ ನೊಂದುಕೊಂಡಿದ್ದಾನೆ.

ವಾರಿಂಗ್ಟನ್ನನ ಎರಡು ಮೀನಿನ ಲೆಕ್ಕ ಎಷ್ಟು ಜನರಿಗೆ ನೆನಪಿತ್ತೋ!

ಇನ್ನು ಮಗ ವಾರಿಂಗ್ಟನ್. ಹುಟ್ಟಿದ್ದು 1838ರಲ್ಲಿ. ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈತ ಕೆದಕುತ್ತಿದ್ದದ್ದು ಹೊಲದ ಮಣ್ಣನ್ನು. ಅಮೋನಿಯಾ ನೈಟ್ರೇಟ್ ಆಗುವುದು ಜೀವಿಗಳ ಕೆಲಸ ಎಂದು 1877ರಲ್ಲಿ ಫ್ರಾನ್ಸಿನವರು ತೋರಿಸಿದ್ದರು. ಆ ಕೆಲಸ ಎರಡು ಹಂತದಲ್ಲಿ, ಎರಡು ಬೇರೆ ಬೇರೆ ಸೂಕ್ಷ್ಮಜೀವಿಗಳಿಂದ ನಡೆಯುತ್ತದೆ ಎಂದು ಈತ ಕಂಡುಕೊಂಡ: ಅಮೋನಿಯಾದಿಂದ ನೈಟ್ರೈಟ್, ನೈಟ್ರೈಟ್‌ನಿಂದ ನೈಟ್ರೇಟ್.

ಮೀನಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಮೀನು ಹೊರಹಾಕುವುದು ಅಮೋನಿಯಾ. ಅದೂ ವಿಷ, ನೈಟ್ರೈಟೂ ವಿಷ, ಎರಡೂ ಕಣ್ಣಿಗೆ ಕಾಣುವುದಿಲ್ಲ. ಅವನ್ನು ಅರಗಿಸುವ ಬ್ಯಾಕ್ಟೀರಿಯಾ ಮರಳು, ಕಲ್ಲು, ಫಿಲ್ಟರಿನ ಮೇಲೆ ನೆಲೆಯೂರಲು ಹಲವು ವಾರ ಬೇಕು. ಅಪ್ಪನ ಪಾತ್ರೆಯ ಮರಳು, ಮಣ್ಣಿನಲ್ಲಿ ಅವೂ ಸದ್ದಿಲ್ಲದೆ ದುಡಿದಿರಬೇಕು. ನನ್ನ ಹೊಸ ಬೋಗುಣಿಯಲ್ಲಿ? ತೊಳೆದ ಬಣ್ಣದ ಕಲ್ಲು, ಪ್ಲಾಸ್ಟಿಕ್ ಎಲೆ! 54 ಲೀಟರ್ ನೀರಿಗೆ ಬಿದ್ದಷ್ಟೇ ಹೊಲಸು ಎರಡು ಲೀಟರಿಗೆ ಬಿದ್ದರೆ ಅದರ ಸಾಂದ್ರತೆ 27 ಪಟ್ಟು. ಚಿಕ್ಕ ಬೋಗುಣಿ ಸಾಕೋದು ಸುಲಭ ಅನ್ನುವುದು ದೊಡ್ಡ ಸುಳ್ಳು.

ಅಂಗಡಿಯವರ ಮಾತು ಅರ್ಧ ನಿಜ. ಫೈಟರ್ ಮೀನಿಗೆ ಮೇಲೆ ಬಂದು ಗಾಳಿ ನುಂಗಿ ಉಸಿರಾಡುವ ಅಂಗ ಇದೆ, ಪಂಪಿಲ್ಲದೆ ಬದುಕುತ್ತೆ. ಆದರೆ ಅಮೋನಿಯಾ ಸುಡುವುದು ಅದರ ಕಿವಿರನ್ನು. ಅದರ ತವರು ಥಾಯ್ಲೆಂಡಿನ ಗದ್ದೆ, ಜೌಗು ನೀರು. ಆಳ ಕಡಿಮೆ, ನಿಜ. ಹರವು ಕಡಿಮೆಯಲ್ಲ.

ಇಟಲಿಯ ಮೊಂಝಾ ಊರು 2004ರಲ್ಲಿ, ರೋಮ್ 2005ರಲ್ಲಿ ದುಂಡನೆಯ ಬೋಗುಣಿಯಲ್ಲಿ ಮೀನಿಡುವುದನ್ನೇ ನಿಷೇಧಿಸಿದವು. ಆಗ ಲೋಕವೆಲ್ಲ ನಕ್ಕಿತ್ತು. ಈಗ ನನಗೆ ನಗು ಬರುತ್ತಿಲ್ಲ.

ಗಾಸ್‌ನ ಕಾಲದ ಲೂಟಿಯೂ ನಿಂತಿಲ್ಲ. ಕೇರಳ ಮತ್ತು ನಮ್ಮ ದಕ್ಷಿಣ ಕರ್ನಾಟಕದ ಪಶ್ಚಿಮಘಟ್ಟದ ಹೊಳೆಗಳಲ್ಲಿ ಮಾತ್ರ ಇರುವ ಕೆಂಪು ಗೆರೆಯ 'ಮಿಸ್ ಕೇರಳ' ಮೀನನ್ನು 1865ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿ, ಮದ್ರಾಸಿನ ಗವರ್ನರ್ ಡೆನಿಸನ್ ಹೆಸರಿಟ್ಟ. ಇವತ್ತು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದದ್ದೂ ಅದಕ್ಕೊಂದು ಕಾರಣ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಹಿರಿಯರು. ಇಲ್ಲಿ ಹಾಸಿಗೆ ಹೊಲಿಸುವವರು ನಾವು, ಕಾಲು ಮಡಚಿಕೊಳ್ಳಬೇಕಾದದ್ದು ಮೀನು.

ಬೋಗುಣಿ ಇನ್ನೂ ನನ್ನ ಮೇಜಿನ ಮೇಲಿದೆ. ಒಳಗೆ ಒಂದಿಷ್ಟು ನೀರುಗಿಡ, ಮೂರು ಪುಟಾಣಿ ಬಸವನಹುಳು, ಅಷ್ಟೇ. ಅವು ಹೆಚ್ಚಾದರೂ ಕೆರೆಗೆ ಬಿಡುವಂತಿಲ್ಲ ಅನ್ನುವುದು ನಾನೇ ಹಾಕಿಕೊಂಡ ನಿಯಮ. ಮೊನ್ನೆ ಮನೆಗೆ ಬಂದ ಗೆಳೆಯರು "ಮೀನೆಲ್ಲೋ? ಇನ್ನೊಂದು ತಂದುಕೊಡ್ಲಾ?" ಅಂದರು. ಬೇಡ ಅಂದೆ. ಯಾಕೆ ಅಂತ ಅವತ್ತು ಹೇಳಲು ಬಾಯಿ ಬರಲಿಲ್ಲ. ಪ್ರೀತಿಯಿಂದ ಕೊಟ್ಟದ್ದಲ್ಲವೇ... ಅದಕ್ಕೇ ಇಲ್ಲಿ ಬರೆದೆ. ಅವರೂ ಇದನ್ನು ಓದುತ್ತಾರೆ :)

ನಿಮ್ಮ ಮೇಜಿನ ಮೇಲೂ ಬೋಗುಣಿ ಇದೆಯಾ? ಎಷ್ಟು ಲೀಟರ್?